ಗಡ್ಡಿ ಸಂಚಿ

ಅಚ್ಯುತಾಪುರಂಗೆ ಬಂದು ಕೆಲಸಕ್ಕೆ ಸೇರಿದ ಮೂರನೇ ದಿನ, ಜನರೇಟರ್ ರೂಮಿನ ಹಿಂದಿನ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದ ಟಾರ್ಪಾಲು ಎತ್ತಿದೆ. ಒಳಗಿನಿಂದ ಬಂದ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದವನು, ಅದೇ ವಾಸನೆಗಾಗಿ ಮತ್ತೆ ಎರಡು ಹೆಜ್ಜೆ ಮುಂದೆ ಬಂದೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಆಷಾಢದ ಮಳೆಗೆ ನೀರು ಕುಡಿದ ಹುಲ್ಲಿನ ಬಣವೆಯ ತಳ ಕಿತ್ತರೆ ಬರುತ್ತದಲ್ಲ, ಅದೇ ವಾಸನೆ. ಸಮುದ್ರದಿಂದ ಹತ್ತು ಹದಿನೈದು ಕಿಲೋಮೀಟರ್ ದೂರದಲ್ಲಿ, ಔಷಧ ಕಾರ್ಖಾನೆಗಳ ನಡುವೆ, ಈ ವಾಸನೆ ಎಲ್ಲಿಂದ ಬಂತು?

ಟಾರ್ಪಾಲಿನ ಕೆಳಗಿದ್ದದ್ದು ಒಂದು ಕಬ್ಬಿಣದ ಚೌಕಟ್ಟು, ಅದಕ್ಕೆ ನೇತುಬಿದ್ದ ಎರಡು ಕಪ್ಪು ಬಲೆಚೀಲ, ಆನೆಯ ಸೊಂಡಿಲಿನಂಥ ಒಂದು ಪ್ಲಾಸ್ಟಿಕ್ ಕೊಳವೆ. ಚೀಲವೊಂದರಲ್ಲಿ ಹಿಂದಿನ ವರ್ಷದ ಹುಲ್ಲು ಹಾಗೇ ಉಳಿದು ಗೊಬ್ಬರವಾಗಿತ್ತು. ಇನ್ನೊಂದರಲ್ಲಿ ಇಲಿ ಸಂಸಾರ ಹೂಡಿತ್ತು. ಪಕ್ಕದಲ್ಲಿ ಇದರ ಯಜಮಾನ, ಅಂದರೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ಬ್ಯಾಟರಿ ಸತ್ತು ನಿಂತಿತ್ತು. ಯಾರೋ ಹಳೆಯ ಮ್ಯಾನೇಜರು ಆಸೆಪಟ್ಟು ತರಿಸಿದ್ದಂತೆ. ಬಾಯ್ಲರ್, ಕಂಪ್ರೆಸರ್, ಚಿಲ್ಲರ್‌ಗಳ ಜೊತೆ ಇದೂ ನನ್ನ ಪಾಲಿಗೆ ಬಂತು. ಇಂಜಿನಿಯರಿಂಗ್ ಓದಿ ಕೊನೆಗೆ ಹುಲ್ಲು ಕೊಯ್ಯೋಕೆ ಹೋದೆಯಾ ಎಂದು ಅಪ್ಪ ಫೋನಿನಲ್ಲಿ ನಕ್ಕರು.

ಅಚ್ಯುತಾಪುರಂ ಎಂದರೆ ನಮ್ಮ ಕಡೆಯವರಿಗೆ ಗೊತ್ತಾಗುವುದಿಲ್ಲ. ಆಗ ವಿಶಾಖಪಟ್ಟಣ ಜಿಲ್ಲೆ ಎನ್ನುತ್ತಿದ್ದೆ. 2022ರಲ್ಲಿ ಅನಕಾಪಲ್ಲಿಯೇ ಜಿಲ್ಲೆಯಾದ ಮೇಲೆ, ಅದೇ ಬೆಲ್ಲದ ಮಂಡಿಯ ಅನಕಾಪಲ್ಲಿ ಎನ್ನುತ್ತೇನೆ. 2024ರ ಆಗಸ್ಟಿನಲ್ಲಿ ಇಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 17 ಜನ ಸತ್ತಾಗ ಮಾತ್ರ ಎಲ್ಲರಿಗೂ ಊರಿನ ಹೆಸರು ಒಮ್ಮೆಲೇ ನೆನಪಾಗಿ ರಾತ್ರಿಯಿಡೀ ಫೋನು ಬಂತು. ನಾನಿರುವುದು ಬೇರೆ ಕಾರ್ಖಾನೆ, ಹುಲ್ಲಿನ ಕಾರ್ಖಾನೆ ಅಂದುಕೊಳ್ಳಿ ಎಂದು ಹೇಳಿ ಸಮಾಧಾನ ಮಾಡಿದೆ.

ಹುಲ್ಲು ಯಾಕೆ ಎಂದರೆ, ಇಂಥ ಕಾರ್ಖಾನೆಗಳಿಗೆ ಪರಿಸರ ಅನುಮತಿ ಕೊಡುವಾಗ ಜಾಗದ ಸುಮಾರು ಮೂರನೇ ಒಂದು ಭಾಗ ಹಸಿರಿರಬೇಕು ಎಂಬ ಷರತ್ತು ಆಗ ಇರುತ್ತಿತ್ತು. ಅದರ ಅರ್ಥ ಮರ. ಆದರೆ ಆಫೀಸಿನ ಮುಂದೆ ಬರುವ ಅತಿಥಿಗಳಿಗೆ ಮರಕ್ಕಿಂತ ಹುಲ್ಲುಹಾಸು ಚಂದ ಕಾಣುತ್ತದೆಯಂತೆ.

ಕೆಲಸದವರು ಆ ಯಂತ್ರವನ್ನು ಗಡ್ಡಿ ಟ್ರ್ಯಾಕ್ಟರ್ ಎನ್ನುತ್ತಿದ್ದರು. ತೆಲುಗಿನಲ್ಲಿ ಗಡ್ಡಿ ಎಂದರೆ ಹುಲ್ಲು. ಮೊದಲ ವಾರ ಯಾರೋ ಬಂದು ‘ಗಡ್ಡಿ ಪೆರಿಗಿಂದಿ ಸಾರ್’ ಎಂದಾಗ ನಾನು ಗಡ್ಡ ಸವರಿಕೊಂಡಿದ್ದೆ. ಚೀಲಗಳ ಜೋಡಿಗೆ ಅವರಿಟ್ಟ ಹೆಸರು ಗಡ್ಡಿ ಸಂಚಿ. ಆ ಸಂಚಿ ಎಂಬ ಮಾತು ಕೇಳಿದ್ದೇ ನನಗೆ ಅಜ್ಜಿಯ ಸೊಂಟದ ಎಲೆಯಡಿಕೆ ಸಂಚಿ ನೆನಪಾಯಿತು. ನಮ್ಮಲ್ಲಿ ಅಂಗೈಯಷ್ಟಕ್ಕೆ ಕುಗ್ಗಿದ ಪದ ಇಲ್ಲಿ ಗೋಣಿಚೀಲದಷ್ಟು ದೊಡ್ಡದಾಗಿ ಓಡಾಡುತ್ತಿತ್ತು.

ಸಂಚಿಯ ಕೆಲಸ ಸರಳ. ಯಂತ್ರದ ಹೊಟ್ಟೆಯಡಿ ತಿರುಗುವ ಬ್ಲೇಡುಗಳ ಹಿಂಬದಿಯ ಅಂಚು ಮೇಲಕ್ಕೆ ಬಾಗಿರುತ್ತದೆ. ಅದು ಫ್ಯಾನಿನಂತೆ ಗಾಳಿ ಎಬ್ಬಿಸಿ, ಕತ್ತರಿಸಿದ ಹುಲ್ಲನ್ನು ಕೊಳವೆಯ ಮೂಲಕ ಹಿಂದಿನ ಚೀಲಕ್ಕೆ ಎಸೆಯುತ್ತದೆ. ಗಾಳಿ ಬಲೆಯ ಕಣ್ಣುಗಳಿಂದ ಹೊರಟುಹೋಗಬೇಕು, ಹುಲ್ಲು ಒಳಗುಳಿಯಬೇಕು. ಬಲೆಯ ಕಣ್ಣು ಧೂಳಿನಿಂದ, ಹುಲ್ಲಿನ ರಸದಿಂದ ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲ, ಗಾಳಿ ಓಡದಿದ್ದರೆ ಕೊಳವೆ ಕಟ್ಟುತ್ತದೆ. ಕಟ್ಟಿದ ಕೊಳವೆಗೆ ಕೈ ಹಾಕುವ ಚಟ ಎಲ್ಲರಿಗೂ ಇರುತ್ತದೆ. ಇಂಜಿನ್ ನಿಲ್ಲಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳದೆ ಕೈ ಹಾಕಿದವನನ್ನು ಅವತ್ತೇ ಮನೆಗೆ ಕಳಿಸುತ್ತೇನೆ ಎಂದು ಹೇಳಿಟ್ಟಿದ್ದೆ. ಚೀಲ ತುಂಬಿದಾಗ ಹಿಂಭಾಗ ಭಾರವಾಗಿ ಮೂತಿ ಮೇಲೇಳುವುದರಿಂದ ಮುಂದೆ ಕಬ್ಬಿಣದ ತೂಕ ಕಟ್ಟಬೇಕು. ನಮ್ಮದರ ತೂಕಗಳು ಮಾತ್ರ ಕ್ಯಾಂಟೀನಿನ ಬಾಗಿಲಿಗೆ ಆನಿಸುವ ಕಲ್ಲಾಗಿದ್ದವು!

ಜೊತೆಗೆ ಬಂದ ಕೈಪಿಡಿಯಲ್ಲಿ ‘ಋತು ಮುಗಿದ ಮೇಲೆ ಶೇಖರಣೆ’ ಎಂಬ ಅಧ್ಯಾಯವಿತ್ತು. ಅದನ್ನು ಬರೆದವರ ಊರಿನಲ್ಲಿ ಹಿಮ ಬೀಳುತ್ತದೆ. ಇಲ್ಲಿ ಋತು ಮುಗಿಯುವುದೇ ಇಲ್ಲ. ಜೂನಿನಿಂದ ಮಳೆ, ಅದು ಹೋಯಿತು ಎನ್ನುವಷ್ಟರಲ್ಲಿ ಅಕ್ಟೋಬರಿನ ಚಂಡಮಾರುತಗಳು. 2014ರ ಅಕ್ಟೋಬರ್ 12ರ ಹುದ್‌ಹುದ್ ಬಗ್ಗೆ ಇಲ್ಲಿನವರು ಮನೆಯ ಸಾವಿನಂತೆ ತಾರೀಖು ಸಮೇತ ಹೇಳುತ್ತಾರೆ. ಉಳಿದ ದಿನ ಉಪ್ಪುಗಾಳಿ. ಬೋಲ್ಟಿಗೆ ಇವತ್ತು ಗ್ರೀಸು ಹಚ್ಚದಿದ್ದರೆ ಮುಂದಿನ ತಿಂಗಳು ಅದನ್ನು ಬಿಚ್ಚುವುದಲ್ಲ, ಕತ್ತರಿಸುವುದು.

ಸಂಚಿ ರಿಪೇರಿಯಾಗಿ ಓಡಾಡತೊಡಗಿದ ಮೇಲೆ ಹಿಂದಿನ ಗೇಟಿಗೆ ನಾಲ್ಕು ಹೆಂಗಸರು ಬರಲು ಶುರುಮಾಡಿದರು. ಎಮ್ಮೆ ಸಾಕಿದವರು. ಮಂಗಳವಾರ, ಶುಕ್ರವಾರ ನಾವು ಕೊಯ್ದ ಹುಲ್ಲನ್ನು ಗೇಟಿನ ಹೊರಗೆ ಸುರಿಯುವುದು, ಅವರು ಹಂಚಿಕೊಂಡು ಹೊತ್ತೊಯ್ಯುವುದು. ಮದ್ದು ಹೊಡೆದ ವಾರ ಕೊಡುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಅವರಲ್ಲಿ ಒಬ್ಬಾಕೆ ಒಂದು ದಿನ ಹುಲ್ಲುಹಾಸಿನತ್ತ ಕೈ ತೋರಿಸಿ, ಅಲ್ಲಿ ನಮ್ಮ ಜೀಡಿಮಾಮಿಡಿ ತೋಟವಿತ್ತು ಎಂದಳು. ನಮ್ಮ ಗೇರು. ಪರಿಹಾರ ಬಂದಿತ್ತು, ಮನೆಯಾಯಿತು, ಮಗಳ ಮದುವೆಯಾಯಿತು, ಮುಗಿಯಿತು. ದೂರಿನ ದನಿಯಲ್ಲಿ ಹೇಳಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವಂತೆ ಹೇಳಿದಳು.

ಆ ವರ್ಷದ ಜುಲೈ. ಶುಕ್ರವಾರ ಸಂಜೆ, ಮಳೆ ಬಿಟ್ಟ ಒಂದು ಗಂಟೆಯಲ್ಲೇ ಹುಲ್ಲು ಕೊಯ್ಸಿದೆ. ಸೋಮವಾರ ಯಾರೋ ದೊಡ್ಡವರು ಬರುವವರಿದ್ದರು. ಒದ್ದೆ ಹುಲ್ಲು ಕೊಯ್ಯಬಾರದು ಎಂದು ಕೈಪಿಡಿಯೂ ಹೇಳುತ್ತದೆ, ಅಪ್ಪನೂ ಹೇಳುತ್ತಿದ್ದರು. ಎರಡೂ ಚೀಲ ತುಂಬಿದ ಹೊತ್ತಿಗೆ ಊರಿನಿಂದ ಫೋನು. ಅಪ್ಪ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಚೀಲ ಖಾಲಿ ಮಾಡುವುದು ಹತ್ತು ನಿಮಿಷದ ಕೆಲಸ. ಸೋಮವಾರ ನೋಡಿದರಾಯಿತು ಎಂದು ಟಾರ್ಪಾಲು ಮುಚ್ಚಿಸಿ, ವಿಶಾಖಪಟ್ಟಣಕ್ಕೆ ಓಡಿ ಬೆಂಗಳೂರಿನ ರೈಲು ಹತ್ತಿದೆ.

ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರು. ಅದನ್ನು ಚೂರು ಮಾಡಿ, ಗಿಡಿದು, ಮೇಲೆ ಟಾರ್ಪಾಲು ಹೊದಿಸಿದರೆ ಕೆಲವೇ ಗಂಟೆಗಳಲ್ಲಿ ಒಳಗೆ ಬಿಸಿ ಹುಟ್ಟುತ್ತದೆ. ಸೂಕ್ಷ್ಮಾಣುಗಳು ಅದನ್ನು ತಿನ್ನುತ್ತ ತಾವೇ ಕಾವು ಹುಟ್ಟಿಸುತ್ತವೆ. ಆಮೇಲೆ ಬೂಸ್ಟು. ಸರಿಯಾಗಿ ಒಣಗದ ಬಣವೆಗಳು ಬೆಂಕಿಪೊಟ್ಟಣದ ಹಂಗಿಲ್ಲದೆ ಹೊತ್ತಿಕೊಳ್ಳುವುದೂ ಹೀಗೆಯೇ. ಇದೆಲ್ಲ ನಾನು ಪುಸ್ತಕದಲ್ಲಿ ಓದಿದ್ದಲ್ಲ. ಅಪ್ಪ ಬಣವೆ ಒಟ್ಟಿದ ವಾರವಿಡೀ ದಿನಾ ಬೆಳಿಗ್ಗೆ ಮೊಣಕೈವರೆಗೆ ಅದರೊಳಗೆ ಕೈ ತೂರಿಸಿ, ಸ್ವಲ್ಪ ಹೊತ್ತು ಹಾಗೇ ನಿಂತು, ಕೈ ಹೊರಗೆ ತೆಗೆದು ಮೂಸುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಭಾನುವಾರ ಆಕೆ ಗೇಟಿಗೆ ಬಂದಳಂತೆ. ಮಳೆಯಿಂದಾಗಿ ಮನೆಯಲ್ಲಿ ಮೇವಿರಲಿಲ್ಲ. ಕಾವಲಿನವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಟಾರ್ಪಾಲು ಎತ್ತಿ, ಇದ್ದ ಹುಲ್ಲನ್ನು ಅವಳ ಗೋಣಿಗೆ ತುಂಬಿ ಕಳಿಸಿದ. ಮೇಲಿನ ಪದರ ಹಸಿರಾಗಿಯೇ ಇತ್ತು ಎಂದು ಆಮೇಲೆ ಹೇಳಿದ. ಮರುದಿನ ಎಮ್ಮೆ ಮೇವು ಬಿಟ್ಟಿತು, ಹೊಟ್ಟೆ ಉಬ್ಬರಿಸಿತು. ಡಾಕ್ಟರು ಬಂದು ಎಮ್ಮೆಯನ್ನು ಉಳಿಸಿಕೊಟ್ಟರು. ಆದರೆ ಅದು ಗಬ್ಬವಾಗಿತ್ತು, ಎರಡು ವಾರದ ಮೇಲೆ ಕಂದು ಹಾಕಿತು. ಹುಲ್ಲಿನಿಂದಲೇ ಹೀಗಾಯಿತು ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಕಾವಲಿನವನನ್ನು ತೆಗೆದುಹಾಕುವ ಮಾತು ಬಂತು. ಚೀಲ ತುಂಬಿಸಿಟ್ಟು ಹೋದವನು ನಾನು ಎಂದು ಬರೆದು ಕೊಟ್ಟೆ. ಅದನ್ನು ದೊಡ್ಡತನವೆಂದು ಯಾರಾದರೂ ತಿಳಿದಾರು. ನನ್ನ ಕೆಲಸ ಹೋಗುವುದಿಲ್ಲ ಎಂದು ಗೊತ್ತಿದ್ದೇ ಬರೆದದ್ದು.

ಆಕೆಯ ಮನೆಗೆ ಹೋಗಿ ಎಂಟು ಸಾವಿರ ರೂಪಾಯಿ ಕೊಟ್ಟೆ. ಎಣಿಸಿ ತೆಗೆದುಕೊಂಡಳು. ಬೇಡ ಎಂದಾಳು, ನಾನು ಒತ್ತಾಯ ಮಾಡೇನು ಎಂದು ಒಳಗೊಳಗೇ ಕಾದಿದ್ದೆ ಎಂಬುದು ನನಗೆ ತಿಳಿದದ್ದೇ ಆಗ. ಚಹಾ ಕೊಟ್ಟಳು. ಎಮ್ಮೆ ಕೊಟ್ಟಿಗೆಯಲ್ಲಿ ನನ್ನನ್ನು ನೋಡುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಪ್ಪನಿಗೆ ಆ ರಾತ್ರಿ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಬಿಸಿ ನೋಡೋದು ನಿಂಗೆ ಹೇಳಿಕೊಟ್ಟಿರ್ಲಿಲ್ವನೋ?’ ಎಂದರು.

ಅಲ್ಲಿಂದ ನನಗೆ ಸಂಚಿಯ ಹುಚ್ಚು ಹಿಡಿಯಿತು ಎಂದು ಹುಡುಗರು ಆಡಿಕೊಂಡರು. ಕೊಯ್ದ ಅರ್ಧ ಗಂಟೆಯೊಳಗೆ ಚೀಲ ಬರಿದಾಗಬೇಕು. ಚೌಕಟ್ಟಿನಿಂದ ಬಿಚ್ಚಿ, ಒಳಗನ್ನು ಹೊರಗೆ ಮಾಡಿ ಕೊಡವಬೇಕು. ನೀರು ಹೊರಗಿನಿಂದ ಒಳಕ್ಕೆ ಹಾಯಿಸಬೇಕು, ಆಗ ಬಲೆಯ ಕಣ್ಣಿಗೆ ಒಳಗಿನಿಂದ ಸಿಕ್ಕಿಕೊಂಡದ್ದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗೆ ಆ ಬಟ್ಟೆ ಬೇಗ ಹುರಿದುಹೋಗುತ್ತದೆ. ಯಂತ್ರದ ಹೊಟ್ಟೆಯಡಿ ಅಂಟಿದ ಹುಲ್ಲನ್ನು ಮರದ ಚಕ್ಕೆಯಿಂದ ಕೆರೆಯಬೇಕು, ಕಬ್ಬಿಣದಿಂದ ಕೆರೆದರೆ ಬಣ್ಣ ಹೋಗಿ ತುಕ್ಕಿಗೆ ದಾರಿ. ಇಲಿ ಕಡಿದ ತೂತುಗಳಿಗೆ ಹೊಲಿಗೆ ನಿಲ್ಲುತ್ತಿರಲಿಲ್ಲ. ಕೊನೆಗೆ ಪೂಡಿಮಡಕದ ಬೆಸ್ತರೊಬ್ಬರು ಮೀನುಬಲೆಯ ನೈಲಾನ್ ದಾರದಲ್ಲಿ ಗಂಟು ಹಾಕಿ ಕೊಟ್ಟರು. ಚೀಲದ ಉಳಿದ ಭಾಗ ಹರಿದರೂ ಆ ಗಂಟುಗಳು ಇವತ್ತಿಗೂ ಗಟ್ಟಿ. ಕೂಲಿ ಎಷ್ಟು ಎಂದರೆ ಅದರಲ್ಲಿ ಯಾವ ಮೀನು ಹಿಡಿಯುತ್ತೀರಿ ಎಂದು ಕೇಳಿದರು.

ಕಳೆದ ವರ್ಷ ಮೇಲಿನವರಿಂದ ಹೊಸ ಸೂಚನೆ ಬಂತು. ಸಂಚಿ ಬೇಡ, ಹುಲ್ಲನ್ನು ಯಂತ್ರದಡಿಯಲ್ಲೇ ನುಣ್ಣಗೆ ಕತ್ತರಿಸಿ ನೆಲಕ್ಕೇ ಬಿಡಿ, ಗೊಬ್ಬರದ ಖರ್ಚು ಉಳಿಯುತ್ತದೆ. ಅದು ತಪ್ಪಲ್ಲ. ಹುಲ್ಲು ಕೊಳೆತರೆ ಸಾರಜನಕ ಮಣ್ಣಿಗೆ ಮರಳುತ್ತದೆ, ನೆಲದ ಪಸೆ ನಿಲ್ಲುತ್ತದೆ. ನಾನೇ ಹಿಂದೆ ಒಂದು ವರದಿಯಲ್ಲಿ ಹಾಗೆ ಬರೆದಿದ್ದೆ. ನಾಲ್ಕು ಎಮ್ಮೆಗಳ ಮಾತನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು? ಎರಡು ಮೀಟಿಂಗುಗಳಲ್ಲಿ ಮಾತಾಡಿ, ಹಿಂದಿನ ಕಾಂಪೌಂಡಿನ ಉದ್ದಕ್ಕೂ ಇರುವ ಪಟ್ಟಿಯನ್ನು ಯಂತ್ರಕ್ಕೆ ಕೊಡದೆ ಬೆಳೆಯಲು ಬಿಟ್ಟು, ನಾಲ್ಕು ಜನಕ್ಕೆ ಕುಡುಗೋಲಿನ ಸಮೇತ ಗೇಟ್‌ಪಾಸ್ ಮಾಡಿಸುವಷ್ಟು ಮಾತ್ರ ಆಯಿತು. ಮೊದಲಿನ ಹುಲ್ಲಿನ ಕಾಲುಭಾಗವೂ ಅದರಲ್ಲಿ ಸಿಗುವುದಿಲ್ಲ. ಅವರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು.

ಡಿಸೆಂಬರಿನಲ್ಲಿ ಸಂಚಿಯನ್ನು ಶಾಶ್ವತವಾಗಿ ಬಿಚ್ಚಿದೆ. ತೊಳೆದು, ಮೂರು ದಿನ ನೆರಳಿಗೆ ಕಟ್ಟಿ, ಚೌಕಟ್ಟಿನ ಬಣ್ಣ ಹೋದ ಕಡೆ ರೆಡ್ ಆಕ್ಸೈಡ್ ಬಳಿದು, ಬೋಲ್ಟುಗಳಿಗೆ ಗ್ರೀಸು ಹಚ್ಚಿ ಉಪ್ಪಿನಕಾಯಿ ಬಾಟಲಿಗೆ ಹಾಕಿದೆ. ಕೊಳವೆಯ ಎರಡೂ ಬಾಯಿಗೆ ಕಬ್ಬಿಣದ ಜಾಳಿಗೆ ಕಟ್ಟಿದೆ. ಚೀಲಗಳನ್ನು ನೆಲದಲ್ಲಿಡದೆ, ಮಡಚದೆ, ಬಾಯಿ ತೆರೆದಂತೆ ಗೋಡೆಯ ಮೊಳೆಗೆ ನೇತುಹಾಕಿದೆ. ಮತ್ತೆ ಯಾರಾದರೂ ಇದನ್ನು ಬಳಸುತ್ತಾರೋ ಇಲ್ಲವೋ, ಟಾರ್ಪಾಲು ಮಾತ್ರ ಮುಚ್ಚಲಿಲ್ಲ.

ಆ ಮಂಗಳವಾರ ಆಕೆ ಕುಡುಗೋಲು ಹಿಡಿದು ಹಿಂದಿನ ಪಟ್ಟಿಗೆ ಹೋಗುವಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಬಗ್ಗಿ ನೋಡಿ, ‘ಗಡ್ಡಿ ಸಂಚೀನಾ?’ ಎಂದಳು. ಹೌದೆಂದೆ. ಒಳಗೆ ಬಂದು ಕುಡುಗೋಲನ್ನು ಪಕ್ಕಕ್ಕಿಟ್ಟು, ಒಂದು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳ ಮುಟ್ಟಿ ನೋಡಿದಳು. ಕೈ ಹೊರಗೆ ತೆಗೆದು ಮೂಸಿದಳು. ಆಮೇಲೆ ಇನ್ನೊಂದು ಚೀಲಕ್ಕೂ ಕೈ ಹಾಕಿದಳು.