ಎಂಜಿನ್ನಿನ ಉಸಿರು

ಕಣ್ಣು ಮಂಜಾದ ತಾತನಿಗೆ ಆಟಿಕೆಯ ರೈಲು ತೋರಿಸಿ ಪ್ರಯೋಜನವೇನು? ಕೇಳಿಸಬೇಕು. ಚಿಕ್ಕರಸಿನಕೆರೆಗೆ ಹಳಿಯಿಲ್ಲ, ಉಗಿ ಎಂಜಿನ್ನಿನ ಸದ್ದನ್ನು ಅವರು ಕೇಳಿದ್ದು ಮದ್ದೂರು ನಿಲ್ದಾಣದಲ್ಲಿ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದ ಎಂಜಿನ್ನುಗಳಾದರೋ ಮೌನವ್ರತ ಹಿಡಿದಿವೆ.

ಸಿದ್ಧ ಧ್ವನಿ ಡಿಕೋಡರಿನ ಬೆಲೆ ಕೇಳಿ ಕೈಮುಗಿದೆ. ಮೆಮೊರಿ ಕಾರ್ಡಿನ ಸದ್ದು ನುಡಿಸುವ ಡಿಎಫ್‌ಪ್ಲೇಯರ್ ಎಂಬ ಪುಟ್ಟ ಫಲಕ, ಹಳೆಯ ಮೊಬೈಲಿನ ಸ್ಪೀಕರು, ಇಷ್ಟೇ ಬಂಡವಾಳ. ಸ್ಪೀಕರು ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಅದರ ಬೆನ್ನಿಗೆ ಮುಲಾಮಿನ ಡಬ್ಬಿಯ ಮುಚ್ಚಳವನ್ನು ಗಾಳಿಯಾಡದಂತೆ ಅಂಟಿಸಲು ಗಂಟಲು ಬಂತು. ಗಾಲಿಗೊಂದು ಅಯಸ್ಕಾಂತ, ಅದು ಹಾಯ್ದಾಗಲೆಲ್ಲ ಕೂಡಿಕೊಳ್ಳುವ ರೀಡ್ ಸ್ವಿಚ್ಚು: ಸುತ್ತಿಗೊಂದು "ಛುಕ್".

"ಇದ್ಯಾಕ್ಲಾ ಮಗ, ಏದುಸಿರೇ ಇಲ್ಲ?" ಎಂದರು ತಾತ.

ಎರಡು ಸಿಲಿಂಡರಿನ ಎಂಜಿನ್ನು ಸುತ್ತಿಗೆ ನಾಲ್ಕು ಬಾರಿ ಉಗಿ ಬಿಡುತ್ತದೆಂಬುದು ಆಮೇಲೆ ಹೊಳೆಯಿತು. ಅಯಸ್ಕಾಂತಗಳು ನಾಲ್ಕಾದವು. ವೇಗ ಹೆಚ್ಚಿದರೆ ಫಲಕ ತಡವರಿಸುತ್ತದೆ. ಆದ್ದರಿಂದ ನಮ್ಮದು ಪ್ಯಾಸೆಂಜರ್ ಗಾಡಿಯೇ. ತಾತ ದಿನಾ ಸಂಜೆ ಕೇಳುತ್ತಾರೆ: "ಗಾಡಿ ಬಂತೇನ್ಲಾ?"