ಹುಡುಗನ ಕೂದಲಿಗೆ ಬಳಿದ ಬಣ್ಣ

1879ರ ಬೇಸಿಗೆ, ಮ್ಯೂನಿಕ್ ನಗರ. ಕಬ್ಬಿಣ ಮತ್ತು ಗಾಜಿನಲ್ಲೇ ಕಟ್ಟಿ ನಿಲ್ಲಿಸಿದ ಗ್ಲಾಸ್‌ಪಲಾಸ್ಟ್ ಎಂಬ ಭವನದೊಳಗೆ ಕಾಲಿಟ್ಟಿದ್ದೀರಿ. ಚಾವಣಿಯಿಂದ ಬೆಳಕು ಧಾರಾಳವಾಗಿ ಸುರಿಯುತ್ತಿದೆ, ಅದರ ಜೊತೆಗೆ ಸೆಕೆಯೂ. ಅಂತರರಾಷ್ಟ್ರೀಯ ಕಲಾಪ್ರದರ್ಶನ ನಡೆಯುತ್ತಿದೆ. ಗೋಡೆ ತುಂಬ ರಾಜರು, ಯುದ್ಧಗಳು, ದೇವತೆಯರು, ಚಿನ್ನದ ಲೇಪದ ದಪ್ಪ ಚೌಕಟ್ಟುಗಳು. ಅವುಗಳನ್ನೆಲ್ಲ ಬಿಟ್ಟು ಜನ ಒಂದು ಚಿತ್ರದ ಮುಂದೆ ಮಾತ್ರ ಹುಬ್ಬು ಗಂಟಿಕ್ಕಿ ನಿಲ್ಲುತ್ತಿದ್ದಾರೆ. ನೀವೂ ಅಲ್ಲಿಗೇ ಬನ್ನಿ.

ಚಿತ್ರ ದೊಡ್ಡದೇನಲ್ಲ, ಸುಮಾರು ಒಂದೂವರೆ ಮೀಟರ್ ಎತ್ತರ. ಒಂದು ಸಿನಗಾಗ್‌ನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಒಳಭಾಗ. ಹಿಂದೆ ಸುತ್ತು ಮೆಟ್ಟಿಲು, ಕಿಟಕಿಯಿಂದ ಇಳಿದ ಬೆಳಕು. ಪ್ರಾರ್ಥನೆಯ ಶಾಲು ಹೊದ್ದ ಹಿರಿಯರು ಸುತ್ತುವರಿದಿದ್ದಾರೆ. ಅವರ ನಡುವೆ ಒಬ್ಬ ಹುಡುಗ. ಬರಿಗಾಲು, ಗಿಡ್ಡ ಅಂಗಿ, ಕೆದರಿದ ಕಪ್ಪು ಕೂದಲು. ನಿಮ್ಮ ಕಡೆ ಅವನ ಲಕ್ಷ್ಯವೇ ಇಲ್ಲ. ಎರಡೂ ಕೈ ಆಡಿಸುತ್ತ ಮುದುಕರಿಗೆ ಏನನ್ನೋ ಬಿಡಿಸಿ ಹೇಳುತ್ತಿದ್ದಾನೆ. ತಲೆಯ ಸುತ್ತ ಪ್ರಭಾವಳಿ ಇಲ್ಲ, ಮೇಲೆ ದೇವದೂತರಿಲ್ಲ. ಬೀದಿಯಲ್ಲಿ ಆಡಿಕೊಂಡಿದ್ದವನನ್ನು ಕರೆದು ನಿಲ್ಲಿಸಿದ ಹಾಗೆ ಇದ್ದಾನೆ.

ಚಿತ್ರದ ಹೆಸರು ‘ದೇವಾಲಯದಲ್ಲಿ ಹನ್ನೆರಡು ವರ್ಷದ ಯೇಸು’. ಲೂಕನ ಸುವಾರ್ತೆಯಲ್ಲಿ ಬರುವ ಪ್ರಸಂಗ: ಜೆರುಸಲೇಮಿಗೆ ಹಬ್ಬಕ್ಕೆ ಬಂದ ತಂದೆತಾಯಿಯಿಂದ ತಪ್ಪಿಸಿಕೊಂಡ ಬಾಲಕ ದೇವಾಲಯದಲ್ಲಿ ಪಂಡಿತರ ನಡುವೆ ಕೂತು ಚರ್ಚಿಸುತ್ತಿರುತ್ತಾನೆ. ಯೂರೋಪಿನ ಕಲಾವಿದರು ಶತಮಾನಗಳಿಂದ ಬರೆಯುತ್ತ ಬಂದ ವಸ್ತು ಇದು. ಆದರೆ ಈ ಚಿತ್ರದಲ್ಲಿ ಯೇಸು ಯಹೂದಿ ಹುಡುಗನಾಗಿ ಕಾಣುತ್ತಾನೆ. ಚಿತ್ರ ಬರೆದವನೂ ಯಹೂದಿ, ಬರ್ಲಿನ್ನಿನ ಬಟ್ಟೆ ಉದ್ಯಮಿಯ ಮಗ ಮಾಕ್ಸ್ ಲೀಬರ್‌ಮನ್. ವಯಸ್ಸು 32.

ಹತ್ತಿರ ಸರಿದು ಆ ಕಟ್ಟಡವನ್ನು ನೋಡಿ. ಕಲ್ಪನೆಯಿಂದ ಹುಟ್ಟಿದ್ದಲ್ಲ ಅದು. ಮೂರು ವರ್ಷ ಹಿಂದೆ ಲೀಬರ್‌ಮನ್ ಆಮ್‌ಸ್ಟರ್‌ಡಾಮಿನ ಪೋರ್ಚುಗೀಸ್ ಸಿನಗಾಗ್‌ನಲ್ಲಿ ಕೂತು ರೇಖಾಚಿತ್ರ ಮಾಡಿಕೊಂಡಿದ್ದ. 1878ರಲ್ಲಿ ವೆನಿಸ್‌ನ ಸಿನಗಾಗ್ ನೋಡಿ ಬಂದ. ಆ ಎರಡು ಜಾಗಗಳನ್ನು ಕಲಸಿ ಈ ಒಳಾಂಗಣ ಕಟ್ಟಿದ. ತಮಾಷೆಯೆಂದರೆ ಶಾಲು ಹೊದ್ದ ಆ ಹಿರಿಯರಿಗೆ ಮಾದರಿಯಾಗಿ ಕೂತವರು ಮ್ಯೂನಿಕ್ ಆಸ್ಪತ್ರೆಗಳ ಕ್ರೈಸ್ತರು, ಹುಡುಗನಿಗೆ ಮಾದರಿ ಇಟಲಿಯ ಒಬ್ಬ ಬಾಲಕ. ಇದನ್ನು ಆತನೇ ಮುಂದೆ ತಿಳಿಸಿದ್ದಾನೆ. ಅಂದರೆ, ಯಹೂದಿ ಮುಖಗಳು ಎಂದು ಜನ ಮೂಗು ಮುರಿದದ್ದು ತಮ್ಮದೇ ಜಾತಿಯವರ ಮುಖ ನೋಡಿ.

ಮೂಗು ಮುರಿದದ್ದಷ್ಟೇ ಅಲ್ಲ. ಫ್ರೀಡ್ರಿಶ್ ಪೆಶ್ಟ್ ಎಂಬ ಹೆಸರಾಂತ ವಿಮರ್ಶಕ ಪತ್ರಿಕೆಯಲ್ಲಿ ಆ ಹುಡುಗನನ್ನು ಕುರೂಪಿ, ಅಧಿಕಪ್ರಸಂಗಿ ಯಹೂದಿ ಪೋರ ಎಂದು ಜರೆದ. ಹಿರಿಯರು ಅವನ ಕಣ್ಣಿಗೆ ಕೊಳಕು ವ್ಯಾಪಾರಿಗಳ ಗುಂಪಾಗಿ ಕಂಡರು. 1880ರ ಜನವರಿಯಲ್ಲಿ ಬವೇರಿಯಾದ ಶಾಸನಸಭೆಯಲ್ಲಿ ಚಿತ್ರದ ಮೇಲೆ ಚರ್ಚೆಯಾಯಿತು. ಚಿತ್ರ ಧರ್ಮನಿಂದೆ ಎಂಬ ದೂರಿನ ಜೊತೆಗೆ, ಬರೆದವನು ಯಹೂದಿ ಎಂಬುದನ್ನೂ ಸದಸ್ಯನೊಬ್ಬ ಎತ್ತಿ ಆಡಿದ. ಒಂದು ಚಿತ್ರಕ್ಕಾಗಿ ಶಾಸನಸಭೆ ಕಲಾಪ ನಡೆಸಿದ್ದನ್ನು ಕೇಳಿ ನಮಗೆ ಆಶ್ಚರ್ಯವಾಗಬೇಕಾದ್ದೇನಿಲ್ಲ, ಅಂಥದ್ದನ್ನು ನಾವೂ ಬೇಕಾದಷ್ಟು ಕಂಡಿದ್ದೇವೆ. ಕಾಲವೂ ಅಂಥದ್ದೇ. ಬರ್ಲಿನ್ನಿನಲ್ಲಿ ವಿಲ್‌ಹೆಲ್ಮ್ ಮಾರ್ ಯಹೂದಿದ್ವೇಷಿಗಳ ಸಂಘ ಕಟ್ಟಿದ್ದು ಅದೇ 1879ರಲ್ಲಿ. ಯಹೂದಿಗಳೇ ನಮ್ಮ ದುರದೃಷ್ಟ ಎಂದು ಇತಿಹಾಸಕಾರ ಟ್ರೈಟ್ಶ್ಕೆ ಬರೆದದ್ದೂ ಅದೇ ವರ್ಷ.

ಈಗ ಕಲಾವಿದನ ಕೋಣೆಯೊಳಗೆ ಬನ್ನಿ. ಪ್ರದರ್ಶನ ಮುಗಿದಿದೆ, ಚಿತ್ರ ವಾಪಸು ಬಂದಿದೆ. ಲೀಬರ್‌ಮನ್ ಕುಂಚ ಎತ್ತಿಕೊಂಡಿದ್ದಾನೆ. ಕಪ್ಪು ಕೂದಲ ಮೇಲೆ ತಿಳಿ ಬಣ್ಣ ಬೀಳುತ್ತದೆ, ಕೂದಲು ಉದ್ದವಾಗಿ ಭುಜದವರೆಗೆ ಇಳಿಯುತ್ತದೆ. ಗಿಡ್ಡ ಅಂಗಿ ಉದ್ದವಾಗಿ ಚೊಕ್ಕಟವಾಗುತ್ತದೆ. ಬರಿಗಾಲಿಗೆ ಚಪ್ಪಲಿ ಬರುತ್ತದೆ. ಮುಖ ಮೃದುವಾಗುತ್ತದೆ. ಮುದುಕರಿಗೆ ಏನೂ ಆಗುವುದಿಲ್ಲ, ಅವರ ಗಡ್ಡ, ಶಾಲು, ಪುಸ್ತಕ ಇದ್ದಲ್ಲೇ ಇವೆ. ಯಹೂದಿ ಹಿರಿಯರ ನಡುವೆ ಈಗ ಒಬ್ಬ ಹೊಂಗೂದಲ ಹುಡುಗ ನಿಂತಿದ್ದಾನೆ. ಆದರೆ ಕೈಗಳು ಹಾಗೇ ಉಳಿದಿವೆ. ಅದೇ ಬೆರಳುಗಳು, ಅದೇ ವಾದದ ಭಂಗಿ.

ಈ ತಿದ್ದುಪಡಿಯನ್ನು ಹೇಡಿತನ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ವೃತ್ತಿಯಲ್ಲಿ ಆಗಷ್ಟೇ ಕಾಲೂರುತ್ತಿದ್ದವನು. ಏಳು ವರ್ಷ ಹಿಂದೆ, 1872ರಲ್ಲಿ, ಹೆಬ್ಬಾತುಗಳ ಪುಕ್ಕ ತರಿಯುವ ಹೆಂಗಸರನ್ನು ಬರೆದದ್ದಕ್ಕೇ ಕುರೂಪದ ಆರಾಧಕ ಎಂಬ ಬಿರುದು ಅಂಟಿಸಿಕೊಂಡಿದ್ದ. ಅವನ ಪಾಲಿಗೆ ಬೈಬಲ್ಲೂ ದುಡಿಯುವವರ ಲೋಕವೇ. ಆದರೆ ಆಲೂಗೆಡ್ಡೆ ಅಗೆಯುವ ರೈತನನ್ನು ಇದ್ದ ಹಾಗೆ ಬರೆಯಲು ಬಿಟ್ಟವರು ಯೇಸುವನ್ನು ಇದ್ದಿರಬಹುದಾದ ಹಾಗೆ ಬರೆಯಲು ಬಿಡಲಿಲ್ಲ. ಫ್ರಿಟ್ಸ್ ಫಾನ್ ಉಡೆ ಎಂಬ ಗೆಳೆಯ ಕಲಾವಿದ ತನ್ನದೊಂದು ಚಿತ್ರ ಕೊಟ್ಟು ಇದನ್ನು ಪಡೆದುಕೊಂಡ. ಲೀಬರ್‌ಮನ್ ಬಹುಕಾಲ ಬೈಬಲ್ಲಿನ ತಂಟೆಗೇ ಹೋಗಲಿಲ್ಲ. 1902ರಲ್ಲಿ ಎತ್ತಿಕೊಂಡದ್ದು ಸಂಸೋನ ಮತ್ತು ದೆಲೀಲರನ್ನು, ಅಂದರೆ ಗಂಡಸಿನ ಕೂದಲು ಕತ್ತರಿಸಿಹೋದ ಕಥೆಯನ್ನು. ಕಾಕತಾಳೀಯವೇ ಇರಬಹುದು.

ಮ್ಯೂನಿಕ್‌ನ ಆಮೇಲಿನ ಸುಮಾರು ಐವತ್ತು ವರ್ಷ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದೆಲ್ಲ ಗೆಲುವಿನ ಕಥೆ. ಎಷ್ಟೋ ಬೇಸಿಗೆಗಳಲ್ಲಿ ಹಾಲೆಂಡ್. ಫ್ರೆಂಚ್ ಇಂಪ್ರೆಷನಿಸ್ಟರ ಚಿತ್ರಗಳ ಸಂಗ್ರಹ. ಅಧಿಕೃತ ಕಲೆಗೆ ಬೆನ್ನು ತಿರುಗಿಸಿದ ಬರ್ಲಿನ್ ಸೆಸೆಷನ್ ಗುಂಪಿನ ಮೊದಲ ಅಧ್ಯಕ್ಷತೆ. 1920ರಲ್ಲಿ ಪ್ರಶಿಯನ್ ಕಲಾ ಅಕಾಡೆಮಿಯ ಅಧ್ಯಕ್ಷತೆ. 1927ರಲ್ಲಿ ಬರ್ಲಿನ್ನಿನ ಗೌರವ ನಾಗರಿಕ. ಅದೇ ವರ್ಷ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಅವನ ಮುಂದೆ ಭಾವಚಿತ್ರಕ್ಕೆ ಕೂತ. ಇಷ್ಟಾದರೂ ಆತ ಮತಾಂತರವಾಗಲಿಲ್ಲ. ಆ ಕಾಲದಲ್ಲಿ ಎಷ್ಟೋ ಯಹೂದಿಗಳು ದೀಕ್ಷಾಸ್ನಾನ ಪಡೆದು ಮುಂದೆ ಬರುತ್ತಿದ್ದರು. ಲೀಬರ್‌ಮನ್ ಭಕ್ತನೂ ಅಲ್ಲ, ಆದರೆ ಆ ದಾರಿ ಹಿಡಿಯಲಿಲ್ಲ.

1905ರಲ್ಲಿ ಆಮ್‌ಸ್ಟರ್‌ಡಾಮಿನ ಯಹೂದಿ ಬೀದಿಯಲ್ಲಿ ಅವನ ಜೊತೆ ಒಂದು ಗಳಿಗೆ ನಿಂತು ಮುಂದೆ ಹೋಗೋಣ. ಕಿರಿದಾದ ಬೀದಿ, ಎರಡೂ ಬದಿ ತರಕಾರಿ ಗಾಡಿಗಳು, ಕೂಗಾಟ, ಒಬ್ಬರ ಮೈ ಒಬ್ಬರಿಗೆ ತಾಗುವಷ್ಟು ಜನ. ರೆಂಬ್ರಾಂಟ್ ಮನೆ ಮಾಡಿದ್ದೂ ಇದೇ ಕೇರಿಯಲ್ಲಿ. ಕುಂಚ ಬೇಗಬೇಗ ಓಡುತ್ತದೆ. ಕೋಸಿನ ಹಸಿರು, ಟೋಪಿಗಳ ಕಪ್ಪು, ಮುಖಗಳು ಬರೀ ಬಣ್ಣದ ಚುಕ್ಕೆ. ಕೆಲವು ವರ್ಷಗಳ ಕಾಲ ಆತ ಮತ್ತೆ ಮತ್ತೆ ಈ ಬೀದಿಗೆ ಬಂದ. ಯಹೂದಿಗಳನ್ನು ಬರೆಯಲು ಬೇಕಾದ ಧೈರ್ಯ ಮರಳಿ ಬರಲು ಕಾಲು ಶತಮಾನ ಹಿಡಿಯಿತು ಎಂದು ನಾನು ಓದಿಕೊಳ್ಳುತ್ತೇನೆ. ಈ ಸಲ ಯಾರ ಕೂದಲಿನ ಬಣ್ಣವನ್ನೂ ಯಾರೂ ಕೇಳಲಿಲ್ಲ.

1933ರ ಜನವರಿ 30, ರಾತ್ರಿ. ಬರ್ಲಿನ್, ಪಾರೀಸರ್ ಪ್ಲಾಟ್ಸ್, 7ನೇ ನಂಬರ್ ಮನೆ. ಬ್ರಾಂಡೆನ್‌ಬರ್ಗ್ ದ್ವಾರಕ್ಕೆ ಒತ್ತಿಕೊಂಡಂತೆ ಇರುವ ಮನೆ ಇದು, 1857ರಲ್ಲಿ ಅಪ್ಪ ಕೊಂಡದ್ದು. ಬರ್ಲಿನ್ನಿನೊಳಗೆ ಬರುವಾಗ ಎಡಗಡೆಯ ಮೊದಲ ಮನೆ ನಮ್ಮದು ಎಂದು ಲೀಬರ್‌ಮನ್ ವಿಳಾಸ ಹೇಳುತ್ತಿದ್ದ. ಮಾಡಿನ ಮೇಲೆ ಗಾಜಿನ ಸ್ಟುಡಿಯೊ ಇದೆ, ಅದು ಹಿಂದೆ ಆಳುತ್ತಿದ್ದ ಚಕ್ರವರ್ತಿ ಕೈಸರ್‌ನ ಕಣ್ಣಿಗೆ ಕಸವಾಗಿತ್ತು. ಮೇಲೆ ನಿಂತು ನೋಡಿ. ದ್ವಾರದ ಕಂಬಗಳ ನಡುವಿನಿಂದ ಪಂಜುಗಳು ಬರುತ್ತಿವೆ. ಸಾಲು ಮುಗಿಯುವುದಿಲ್ಲ. ಕಂದು ಸಮವಸ್ತ್ರ, ಬೂಟಿನ ಸದ್ದು, ಹಾಡು, ಎಣ್ಣೆ ಹೊಗೆಯ ವಾಸನೆ. ಬೆಳಿಗ್ಗೆ ಹಿಟ್ಲರ್ ಚಾನ್ಸಲರ್ ಆಗಿದ್ದಾನೆ. ನೇಮಿಸಿದವನು ಹಿಂಡೆನ್‌ಬರ್ಗ್, ಆರು ವರ್ಷ ಹಿಂದೆ ಈ ಮುದುಕ ಎದುರಿಗೆ ಕೂರಿಸಿಕೊಂಡು ಬರೆದ ಅದೇ ಮುಖ. 85 ವರ್ಷದ ಲೀಬರ್‌ಮನ್ ತನ್ನ ಬರ್ಲಿನ್ ಆಡುಮಾತಿನಲ್ಲಿ ಅಂದನಂತೆ: “ಎಷ್ಟು ಕಾರಬೇಕು ಅನ್ನಿಸ್ತಿದೆಯೋ, ಅಷ್ಟು ತಿನ್ನೋಕೂ ನನ್ನ ಕೈಲಿ ಆಗಲ್ಲ.”

ಮೇ 7ರಂದು ಆತ ಅಕಾಡೆಮಿಯ ಗೌರವಾಧ್ಯಕ್ಷ ಸ್ಥಾನ ಬಿಟ್ಟ. ಕಲೆಗೂ ರಾಜಕೀಯಕ್ಕೂ, ಕಲೆಗೂ ಹುಟ್ಟಿಗೂ ಸಂಬಂಧವಿಲ್ಲವೆಂದು ನಂಬಿದವನು ನಾನು, ಆ ನಂಬಿಕೆಗೆ ಇಲ್ಲಿ ಬೆಲೆಯಿಲ್ಲದ ಮೇಲೆ ನನಗೂ ಇಲ್ಲಿ ಜಾಗವಿಲ್ಲ ಎಂಬ ಅರ್ಥದ ಕೆಲವೇ ಸಾಲು ಬರೆದ. ಮೂರು ದಿನ ಕಳೆದು, ಅವನ ಮನೆಯ ಬಳಿ ಶುರುವಾಗುವ ಉಂಟರ್ ಡೆನ್ ಲಿಂಡನ್ ರಸ್ತೆಯ ಇನ್ನೊಂದು ತುದಿಯ ಕಡೆ, ಒಪೆರಾ ಮೈದಾನದಲ್ಲಿ ಪುಸ್ತಕಗಳನ್ನು ಸುಟ್ಟರು. ಆ ಬೇಸಿಗೆಯಲ್ಲಿ ಟೆಲ್ ಅವೀವ್‌ನ ಮೇಯರ್ ಡೀಝೆನ್‌ಗೋಫ್ ಮತ್ತು ಕವಿ ಬಿಯಾಲಿಕ್ ಅವರಿಗೆ ಪತ್ರ ಬರೆದ: ಜರ್ಮನ್ನರಲ್ಲಿ ಒಂದಾಗಿಬಿಡುವ ಕನಸು ಕಂಡಿದ್ದೆ, ಎಚ್ಚರವಾಗಿದೆ, ಆದರೆ ಈ ವಯಸ್ಸಿನಲ್ಲಿ ಬೇರು ಕಿತ್ತು ಬೇರೆ ನೆಲಕ್ಕೆ ಬರಲಾರೆ ಎಂದು. ಮ್ಯೂನಿಕ್ ಪ್ರದರ್ಶನದ ಬಳಿಕ ಹುಡುಗನ ಕೂದಲಿಗೆ ಬಳಿದ ಬಣ್ಣ ಅವನಿಗೆ ಏನನ್ನೂ ಕೊಡಿಸಲಿಲ್ಲ. ಆಗ ಆ ಪೋರನ ಮೇಲಿದ್ದ ಆರೋಪವೇ ಈಗ ಅಕಾಡೆಮಿಯ ಗೌರವಾಧ್ಯಕ್ಷನ ಮೇಲೆ ಬಂತು.

1935ರ ಫೆಬ್ರವರಿ 8ರಂದು ಅದೇ ಮನೆಯಲ್ಲಿ ತೀರಿಕೊಂಡ. ಸತ್ತವನ ಮುಖದ ಅಚ್ಚು ತೆಗೆದವನು ಆರ್ನೊ ಬ್ರೇಕರ್, ಮುಂದೆ ಹಿಟ್ಲರನ ಮೆಚ್ಚಿನ ಶಿಲ್ಪಿಯಾದವನು. ಶ್ಯೋನ್‌ಹೌಸರ್ ಆಲೆಯ ಯಹೂದಿ ಸ್ಮಶಾನಕ್ಕೆ ಹೋಗಿ ನಿಲ್ಲಿ. ಬಂದವರಲ್ಲಿ ಕಲಾವಿದೆ ಕೇಥೆ ಕೋಲ್ವಿಟ್ಸ್ ಇದ್ದಾಳೆ. ಹನ್ನೆರಡು ವರ್ಷ ಆತ ಆಳಿದ ಅಕಾಡೆಮಿಯ ಪ್ರತಿನಿಧಿ ಇಲ್ಲ. ಗೌರವ ನಾಗರಿಕನ ಪಟ್ಟ ಕೊಟ್ಟ ನಗರದ ಪ್ರತಿನಿಧಿಯೂ ಇಲ್ಲ.

ಹೆಂಡತಿ ಮಾರ್ತಾ ಉಳಿದಳು. ಮಗಳು ಕೇಟೆ 1938ರಲ್ಲಿ ಗಂಡ ಮತ್ತು ಮಗಳೊಂದಿಗೆ ಅಮೆರಿಕಕ್ಕೆ ಹೋದಳು. ವಾನ್‌ಸೀ ಸರೋವರದ ದಡದಲ್ಲಿ ಅವರದೊಂದು ಬೇಸಿಗೆ ಮನೆ ಇತ್ತು, 1909ರಲ್ಲಿ ಕೊಂಡ ಜಾಗ. ರಸ್ತೆ ಕಡೆಗೆ ಹೂವಿನ ನಡುವೆ ಕೋಸು ಬೆಳೆದ ತರಕಾರಿ ತೋಟ, ಸರೋವರದ ಕಡೆಗೆ ಹುಲ್ಲುಹಾಸು, ಬರ್ಚ್ ಮರಗಳನ್ನು ಕಡಿಯದೆ ಅವುಗಳ ಮಧ್ಯದಲ್ಲೇ ಹಾಯಿಸಿದ ದಾರಿ. ಈ ತೋಟವೊಂದನ್ನೇ ಲೀಬರ್‌ಮನ್ 200ಕ್ಕೂ ಹೆಚ್ಚು ಸಲ ತೈಲವರ್ಣದಲ್ಲಿ ಬರೆದಿದ್ದಾನೆ. 1940ರಲ್ಲಿ ಅದನ್ನು ಅಂಚೆ ಇಲಾಖೆಗೆ ಬಲವಂತವಾಗಿ ಮಾರಿಸಿದರು, ಹಣ ಮಾರ್ತಾಳ ಕೈಗೆ ಸೇರಲಿಲ್ಲ. 1943ರ ಮಾರ್ಚ್‌ನಲ್ಲಿ, ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದ 85ರ ಮುದುಕಿಯನ್ನು ಟೆರೇಸಿಯನ್‌ಷ್ಟಾಟ್ ಶಿಬಿರಕ್ಕೆ ಸಾಗಿಸುವ ಆದೇಶ ಬಂತು. ಆಕೆ ನಿದ್ರೆಮಾತ್ರೆ ನುಂಗಿದಳು. ಯಹೂದಿ ಆಸ್ಪತ್ರೆಯಲ್ಲಿ ಮಾರ್ಚ್ 10ರಂದು ಪ್ರಾಣ ಹೋಯಿತು.

ತಿದ್ದಿದ ಚಿತ್ರ ಈಗ ಹ್ಯಾಂಬರ್ಗ್‌ನ ಕುನ್ಸ್ಟ್‌ಹಾಲೆಯಲ್ಲಿದೆ. ಅದಕ್ಕೂ ಮೊದಲಿನ ಹುಡುಗ, ಕೆದರಿದ ಕೂದಲಿನವನು, ತಯಾರಿಗೆಂದು ಮಾಡಿಕೊಂಡ ರೇಖಾಚಿತ್ರದಲ್ಲಿ ಉಳಿದಿದ್ದಾನೆ, ಅದು ಬರ್ಲಿನ್ನಿನಲ್ಲಿದೆ. ವಾನ್‌ಸೀ ಮನೆ 2006ರಿಂದ ಮ್ಯೂಸಿಯಂ, ತೋಟವನ್ನು ಅವನ ಚಿತ್ರಗಳನ್ನೇ ನೋಡಿಕೊಂಡು ಮತ್ತೆ ಬೆಳೆಸಿದ್ದಾರೆ. ಅದೇ ದಡದಲ್ಲಿ ಸ್ವಲ್ಪ ದೂರ ನಡೆದರೆ ಇನ್ನೊಂದು ಬಂಗಲೆ ಸಿಗುತ್ತದೆ. 1942ರ ಜನವರಿ 20ರಂದು ನಾಜಿ ಅಧಿಕಾರಿಗಳು ಯೂರೋಪಿನ ಯಹೂದಿಗಳ ಕೊಲೆಯ ವ್ಯವಸ್ಥೆ ಮಾತಾಡಿಕೊಂಡದ್ದು ಅಲ್ಲಿ. ಅದೂ ಈಗ ಸ್ಮಾರಕ. ಬರ್ಲಿನ್ನಿಗೆ ಹೋಗುವ ಅವಕಾಶ ಸಿಕ್ಕಿದವರು ತೋಟ ನೋಡಿ ಫೋಟೊ ತೆಗೆದುಕೊಂಡು ವಾಪಸು ಬಂದುಬಿಡಬೇಡಿ. ಎರಡು ಮನೆಗಳನ್ನೂ ಒಂದೇ ದಿನ ನೋಡಿ.