ಚಾರ್ಮಾಡಿ ದಾರಿಯಲ್ಲಿ ಉಳಿಸಿದ ಪೆಟ್ರೋಲ್

ಧರ್ಮಸ್ಥಳಕ್ಕೆ ಹರಕೆ ಹೊತ್ತು ಹೋದವರಿಗೆ ಚಾರ್ಮಾಡಿ ಘಾಟಿಯ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ, ಬಾಯಿಗೆ ಸೆರಗು ಒತ್ತಿಕೊಂಡು, ನಿಂಬೆಹಣ್ಣು ಮೂಸುತ್ತ ಇಳಿದವರೇ ನಮ್ಮಲ್ಲಿ ಹೆಚ್ಚು. ನಾನೂ ಇಪ್ಪತ್ತು ವರ್ಷ ಹಾಗೆಯೇ ಇಳಿದವಳು. ನನ್ನ ತವರು ಉಜಿರೆ, ಕೊಟ್ಟದ್ದು ಹಾಸನಕ್ಕೆ. ಈಗ ಅದೇ ಘಾಟಿಯನ್ನು ನಾನೇ ಕಾರು ಓಡಿಸಿಕೊಂಡು ಇಳಿಯುತ್ತೇನೆ ಎಂದರೆ ನಂಬುತ್ತೀರಾ?

ನಮ್ಮ ಮನೆಯವರೇ ಮೊದಲು ನಂಬಲಿಲ್ಲ ಬಿಡಿ. ಇವರಿಗೆ ಕಣ್ಣಿನ ತೊಂದರೆಯಾಗಿ, ಡಾಕ್ಟರು ಇನ್ನು ಕಾರು ಓಡಿಸಬೇಡಿ ಎಂದಾಗ ಅದನ್ನು ಮಾರಿಬಿಡುವ ಮಾತು ನಡೆದಿತ್ತು. ಅದೇ ಹೊತ್ತಿಗೆ ಊರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಸ್ಸೆಸ್ಸೆಲ್ಸಿ ಓದಿ ಅಡುಗೆಮನೆ ಸೇರಿದ ನಾನು ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋದೆ. ಕಲಿತದ್ದೂ ಆಯಿತು, ಲೈಸೆನ್ಸೂ ಬಂತು. ಆದರೆ ಪೆಟ್ರೋಲಿಗೆ ದುಡ್ಡು? ಇವರು ಲೆಕ್ಕದ ಪುಸ್ತಕ ತೆಗೆದು, "ವರ್ಷಕ್ಕೆ ಎಂಟು ಸಲ ಹೋಗಿ ಬರುವಷ್ಟು ಎತ್ತಿಡಬಹುದು ಕಣೇ, ಅದಕ್ಕಿಂತ ಹೆಚ್ಚಿಗೆ ಆಗಲ್ಲ" ಅಂದರು. ತಪ್ಪೇನಲ್ಲ, ಮಗಳ ಕಾಲೇಜಿನ ಫೀಸೂ ಆ ಪುಸ್ತಕದಲ್ಲೇ ಇತ್ತು. ಆದರೆ ನಾನು ಹೊರಟು ನಿಂತಾಗಲೆಲ್ಲ ಅಮ್ಮ ಮಂಚದಲ್ಲೇ ಮಲಗಿ "ಇನ್ನು ಯಾವಾಗ?" ಎಂದು ಕೇಳುವುದಕ್ಕೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ.

ಹೋಗಿ ಬರುವುದಕ್ಕೆ, ಊರೊಳಗಿನ ಓಡಾಟವೂ ಸೇರಿ, ಇನ್ನೂರೈವತ್ತು ಕಿಲೋಮೀಟರಿನ ಹತ್ತಿರ. ಮೊದಲ ಸಲ ಹೊರಡುವಾಗ ಟ್ಯಾಂಕ್ ಭರ್ತಿ ಮಾಡಿಸಿ ಮೀಟರ್ ಬರೆದಿಟ್ಟುಕೊಂಡು, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಭರ್ತಿ ಮಾಡಿಸಿದೆವು. ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿದರೆ ಬಂದದ್ದು ಹದಿನಾಲ್ಕು. ಇವರು ಓಡಿಸುವಾಗ ಹದಿನೇಳರ ಮೇಲೆ ಬರುತ್ತಿತ್ತಂತೆ! ಹಾಲು ಉಕ್ಕಿಸಿದ ಸೊಸೆಯನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ನನ್ನ ತಪ್ಪು ಬೇಲೂರಿನ ದಾರಿಯಲ್ಲೇ ಶುರುವಾಗುತ್ತಿತ್ತು. ಹಾಸನದಿಂದ ಬೇಲೂರಿಗೆ ಸುಮಾರು ನಲವತ್ತು ಕಿಲೋಮೀಟರ್, ರಸ್ತೆಯೂ ಚೆನ್ನ. ಅಮ್ಮನನ್ನು ನೋಡುವ ಆತುರಕ್ಕೆ ಎಂಬತ್ತರಲ್ಲಿ ಹೊಡೆಯುತ್ತಿದ್ದೆ. ವೇಗ ಹೆಚ್ಚಿದ ಹಾಗೆ ಗಾಳಿ ಕಾರನ್ನು ಹಿಂದಕ್ಕೆ ತಳ್ಳುವುದೂ ಹೆಚ್ಚುತ್ತದೆ, ಅದೂ ವೇಗಕ್ಕಿಂತ ಜೋರಾಗಿ. ಅರವತ್ತರಿಂದ ಎಂಬತ್ತಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಕೇಂದ್ರ ಸರ್ಕಾರದ ಪೆಟ್ರೋಲಿಯಂ ಉಳಿತಾಯದ ಸಂಸ್ಥೆ ಪಿಸಿಆರ್‌ಎ 1978ರಲ್ಲಿ ಹುಟ್ಟಿದ್ದು. ಅದು ಹೇಳಿಕೊಂಡು ಬಂದಿರುವ ವೇಗ 45ರಿಂದ 55. ನಾನು ಅಷ್ಟು ಸಾಧುವಲ್ಲ, ಐವತ್ತೈದು ಅರವತ್ತರಲ್ಲಿ ಹೋಗುತ್ತೇನೆ. ಬೇಲೂರು ಮುಟ್ಟುವಾಗ ತಡವಾಗುವುದು ಹೆಚ್ಚೆಂದರೆ ಹತ್ತು ನಿಮಿಷ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆದುಕೊಳ್ಳಲಿ ಬಿಡಿ.

ಇನ್ನೊಂದು, ಬ್ರೇಕಿನ ಚಾಳಿ. ಹಂಪ್ ಹತ್ತಿರ ಬರುವವರೆಗೂ ಆಕ್ಸಿಲರೇಟರ್ ಒತ್ತಿ ಆಮೇಲೆ ಗಕ್ಕನೆ ಬ್ರೇಕ್ ಹಾಕುತ್ತಿದ್ದೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನೆಲ್ಲ ಬ್ರೇಕು ಬಿಸಿ ಮಾಡುವುದಕ್ಕೇ ಸುರಿದ ಹಾಗೆ. ಬೇಳೆ ಬೆಂದದ್ದು ಗೊತ್ತಾದ ಮೇಲೂ ಉರಿ ದೊಡ್ಡದಾಗಿಟ್ಟು, ಕೊನೆಗೆ ತಣ್ಣೀರು ಸುರಿಯುತ್ತೀರಾ? ಈಗ ದೂರದಲ್ಲಿ ಹಂಪೋ ದನವೋ ಕಂಡ ಕೂಡಲೆ ಕಾಲು ಎತ್ತುತ್ತೇನೆ. ಕಾರು ತಾನಾಗಿ ನಿಧಾನವಾಗುತ್ತದೆ.

ಮೂಡಿಗೆರೆ ಬರುವಷ್ಟರಲ್ಲಿ ಕಾಫಿ ತೋಟ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಬಾಳಿದ ಊರು. ಇಲ್ಲಿನ ತಂಪಿಗೆ ಏಸಿ ಬೇಡವೇ ಬೇಡ. ಏಸಿಯೂ ತಿರುಗುವುದು ಎಂಜಿನ್ನಿನ ಬಲದಿಂದಲೇ ತಾನೆ? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ನಾನು ಮುಂದೆ ಹೋಗುವುದಿಲ್ಲ. ಆ ಖರ್ಚನ್ನು ಇವರು ಪೆಟ್ರೋಲಿನ ಪುಟದಲ್ಲಿ ಬರೆಯಕೂಡದು ಎಂದು ಕರಾರಾಗಿದೆ. ಇದು ನೀರೂ ಕವಲಾಗುವ ಜಾಗ. ಇದೇ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟುವ ಹೇಮಾವತಿ ಮೂಡಲಿಗೆ ಹರಿದು ಕಾವೇರಿ ಸೇರುತ್ತಾಳೆ. ಘಾಟಿಯಲ್ಲಿ ಬಿದ್ದ ಮಳೆಯೋ ನೇತ್ರಾವತಿ ಸೇರಿ ಪಡುವಣ ಕಡಲಿಗೆ. ನಾನು ನೇತ್ರಾವತಿಯ ಕಡೆಯವಳು.

ಕೊಟ್ಟಿಗೆಹಾರ ದಾಟಿದರೆ ಘಾಟಿ. ಇಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಮೈಲೇಜಿನ ಹುಚ್ಚು ಹತ್ತಿದ ಹೊಸದರಲ್ಲಿ ನಮ್ಮ ಭಾವನವರು, "ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿಬಿಡಮ್ಮ, ಒಂದು ಹನಿ ಪೆಟ್ರೋಲೂ ಬೇಡ" ಎಂದಿದ್ದರು. ದೊಡ್ಡವರ ಮಾತು. ಹಾಗೇ ಮಾಡಿದೆ. ಮೊದಲ ಎರಡು ತಿರುವು ಸುಖವಾಗಿತ್ತು. ಆಮೇಲೆ ಕಾರು ತನ್ನಿಷ್ಟಕ್ಕೆ ಓಡತೊಡಗಿತು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಇವರು "ಏನೇ ಅದು?" ಅನ್ನುತ್ತಿದ್ದ ಹಾಗೆ ಬ್ರೇಕ್ ಒತ್ತಿದರೂ ಕಾರು ಮೊದಲಿನಂತೆ ಹಿಡಿಯುತ್ತಿಲ್ಲ. ಎದುರಿನ ತಿರುವಿನಲ್ಲಿ ಬಸ್ಸು ಏರಿ ಬರುತ್ತಿತ್ತು. ಎಡಕ್ಕೆ ಪ್ರಪಾತ, ಬಲಕ್ಕೆ ಬಂಡೆ. ಹೇಗೋ ಎರಡನೇ ಗೇರಿಗೆ ಹಾಕಿದೆ, ಎಂಜಿನ್ ಕೂಗಿಕೊಂಡಿತು, ಕಾರು ಜಗ್ಗಿ ನಿಧಾನವಾಯಿತು, ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಮುಂದೆ ಅಗಲವಾದ ಕಡೆ ನಿಲ್ಲಿಸಿ ಅರ್ಧ ಗಂಟೆ ಕೂತೆವು. ಇವರು ಒಂದು ಮಾತೂ ಆಡಲಿಲ್ಲ. ಕೋತಿಗಳು ಬಾನೆಟ್ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದವು.

ಉಜಿರೆಯ ಗ್ಯಾರೇಜಿನ ಹುಡುಗ ಕೇಳಿ ತಲೆ ಚಚ್ಚಿಕೊಂಡ. "ಎಂತ ಅಕ್ಕ, ನ್ಯೂಟ್ರಲ್‌ನಲ್ಲಿ ಇಳಿದದ್ದಾ? ಪೆಟ್ರೋಲೂ ಉಳಿಯುದಿಲ್ಲ ಮಾರಾಯ್ರೆ!" ಆಮೇಲೆ ಬಿಡಿಸಿ ಹೇಳಿದ. ಈಗಿನ ಕಾರಿನಲ್ಲಿ ಹಳೆಯ ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲನ್ನು ಅಳೆದು ಕೊಡುವುದು ಒಂದು ಪುಟ್ಟ ಕಂಪ್ಯೂಟರು. ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಅದು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರಿಹೋಗದಂತೆ ಪೆಟ್ರೋಲ್ ಕುಡಿಯುತ್ತಲೇ ಇರಬೇಕು. ಕೀ ತಿರುಗಿಸಿ ಎಂಜಿನ್ ಆರಿಸುವುದಂತೂ ಯಮನನ್ನು ಕರೆದ ಹಾಗೆ: ಬ್ರೇಕು ಕಲ್ಲಾಗುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. "ಯಾವ ಗೇರಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ" ಅಂದ. ಭಾವನವರದು ಕಾರ್ಬ್ಯುರೇಟರ್ ಕಾಲದ ಬುದ್ಧಿ. ಘಾಟಿಯಲ್ಲಿ ಅದು ಆಗಲೂ ಅಪಾಯವೇ.

ಈಗ ಎರಡನೇ ಅಥವಾ ಮೂರನೇ ಗೇರಿನಲ್ಲಿ, ಕಾಲು ಹಗುರಾಗಿಟ್ಟು ಇಳಿಯುತ್ತೇನೆ. ಏರಿ ಬರುವವರಿಗೆ ದಾರಿ ಬಿಡುತ್ತೇನೆ, ನಿಯಮವೂ ಅದೇ. ಬರುವಾಗ ಏರಿನಲ್ಲಿ ಮೇಲಿನ ಗೇರಿನಲ್ಲೇ ಎಳೆಯಬೇಡಿ, ಕಾರು ಏದುಸಿರು ಬಿಟ್ಟರೆ ಗೇರ್ ಇಳಿಸಿ. ಮಳೆಗಾಲದಲ್ಲಿ ಮಾತ್ರ ಲೆಕ್ಕ ಬೇಡ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಮಂಜು ಕವಿದರೆ ಮೈಲೇಜು ಹಾಳಾಗಲಿ, ಲೈಟು ಹಾಕಿಕೊಂಡು ತೆವಳಿಕೊಂಡೇ ಹೋಗಿ.

ಉಳಿದದ್ದು ಸಣ್ಣಪುಟ್ಟದ್ದು. ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸುವುದು. ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಒಳಗಡೆ ಚೀಟಿ ಅಂಟಿಸಿರುತ್ತಾರೆ. ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ, ಖಾಲಿಯಿದ್ದರೂ ಅದು ಗಾಳಿಗೆ ಅಡ್ಡ. ಯಾರಿಗಾದರೂ ಕಾಯುವಾಗ ಎಂಜಿನ್ ಆರಿಸುತ್ತೇನೆ. ಡಿಕ್ಕಿಯ ಭಾರ ಇಳಿಸು ಎಂದು ಇವರು ಹೇಳುತ್ತಾರೆ. ಹೋಗುವಾಗ ಸರಿ. ಬರುವಾಗ ಅತ್ತಿಗೆ ತುಂಬಿಸುವ ತೆಂಗಿನಕಾಯಿ, ಹಲಸಿನ ಹಪ್ಪಳ, ಪುನರ್ಪುಳಿ ಬೇಡ ಎನ್ನಲು ನನ್ನ ಬಾಯಿ ಏಳುವುದಿಲ್ಲ.

ಮೂರು ನಾಲ್ಕು ತಿಂಗಳಿಗೆ ಲೆಕ್ಕದ ಪುಸ್ತಕದಲ್ಲಿ ಹದಿನೇಳೂವರೆ ಬಂತು. ಇವರು ಎರಡು ಸಲ ಭಾಗಿಸಿ ನೋಡಿದರು. ಮೊದಲು ಎಂಟು ಸಲಕ್ಕೆ ಆಗುತ್ತಿದ್ದ ಪೆಟ್ರೋಲಿನಲ್ಲಿ ಈಗ ಹತ್ತು ಸಲ.

ಹೋದ ತಿಂಗಳು ಹೊರಟಾಗ ಅಮ್ಮ ಎಂದಿನಂತೆ "ಇನ್ನು ಯಾವಾಗ?" ಎಂದರು. ಮುಂದಿನ ತಿಂಗಳ ಇಪ್ಪತ್ತೆರಡು ಅಂದೆ. ಅತ್ತಿಗೆಯನ್ನು ಕರೆದು, ಗೋಡೆಯ ಕ್ಯಾಲೆಂಡರನ್ನು ಮಂಚದ ಹತ್ತಿರ ತರಿಸಿಕೊಂಡು, ಆ ತಾರೀಕಿಗೆ ತಾವೇ ಪೆನ್ನಿನಿಂದ ಸುತ್ತು ಹಾಕಿದರು.